ಪುಟ್ಟ ಕಂಪ್ಯೂಟರ್: ಕೊಳ್ಳೋಣವೇ, ಜೋಡಿಸೋಣವೇ?

ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ



ನಾನು ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ಒಬ್ಬ ಶಾಲಾ ಶಿಕ್ಷಕಿ. ಆದರೂ ಈ ವಿಷಯದ ಮೇಲೆ ಮಾತನಾಡಲು ನಾನೇ ಸಮಯ ಕೇಳಿ ಪಡೆದಿದ್ದೇನೆ. ಅದಕ್ಕೆ ಎರಡು ಕಾರಣಗಳಿವೆ. ನಮ್ಮ ವಾಚನಾಲಯಕ್ಕೆ ಕಂಪ್ಯೂಟರ್ ಬೇಕೆಂದು ನೀವು ಕೊಟ್ಟ ಚಂದಾ ಹಣ 60 ಸಾವಿರ ರೂಪಾಯಿ ಸಂಘದ ಖಾತೆಯಲ್ಲಿದೆ, ಅದನ್ನು ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನವಾಗಬೇಕು. ಎರಡನೆಯದು ನನಗೆ ಸ್ವಲ್ಪ ಮುಜುಗರದ ಮಾತು. 2021ರಲ್ಲಿ ನನ್ನ ಮಾತನ್ನು ನಂಬಿ ನೀವು 40 ಸಾವಿರ ರೂಪಾಯಿ ಕೊಟ್ಟಿದ್ದಿರಿ. ಆ ಹಣದಲ್ಲಿ ಬಂದ ಯಂತ್ರ ಇಂದು ಬೀರುವಿನ ಮೇಲೆ ಬಟ್ಟೆ ಹೊದ್ದು ಕುಳಿತಿದೆ. ಅದರ ಲೆಕ್ಕ ಒಪ್ಪಿಸದೆ ಹೊಸ ಹಣದ ಮಾತು ಎತ್ತುವುದು ನನಗೆ ಸರಿಯೆನಿಸಲಿಲ್ಲ.

ಮೊದಲು ಆ ಲೆಕ್ಕ. ನಮ್ಮ ವಾಚನಾಲಯ ಎಷ್ಟು ಇಕ್ಕಟ್ಟು ಎಂಬುದು ನಿಮಗೆ ಗೊತ್ತು. ಗೋಡೆಗೆ ಹೊಂದಿಸಿದ ಒಂದು ಉದ್ದನೆಯ ಹಲಗೆ, ಅದರ ಮೇಲೆ ಪತ್ರಿಕೆಗಳು, ಕೆಳಗೆ ಕಾಲು ಇಡಲು ಮಾತ್ರ ಜಾಗ. ದೊಡ್ಡ ಟವರ್ ಪೆಟ್ಟಿಗೆ ಇಟ್ಟರೆ ಇಬ್ಬರು ಮಕ್ಕಳು ಕೂರುವ ಜಾಗ ಹೋಗುತ್ತದೆ. ಹಾಗಾಗಿ ಚಿಕ್ಕದೇ ಆಗಬೇಕು ಎಂಬುದರಲ್ಲಿ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಡಿಪ್ಲೊಮಾ ಮುಗಿಸಿದವನು, ‘ಟೀಚರ್, ಕಂಪನಿಯದು ಏಕೆ? ಬಿಡಿಭಾಗ ತಂದು ನಾನೇ ಜೋಡಿಸಿಕೊಡುತ್ತೇನೆ, ಹಣ ಉಳಿಯುತ್ತದೆ, ಮುಂದೆ ಬೇಕಾದಂತೆ ಬದಲಾಯಿಸಲೂ ಬರುತ್ತದೆ’ ಎಂದ. ನನಗೆ ಬಹಳ ಹಿಡಿಸಿತು. ನಮ್ಮ ಹುಡುಗನ ಕೈಯಿಂದಲೇ ಆಗುವ ಕೆಲಸವಲ್ಲವೇ? ನಾನೇ ಕಾರ್ಯಕಾರಿ ಸಮಿತಿಯ ಮುಂದೆ ವಾದ ಮಾಡಿದೆ. ಇಬ್ಬರು ಹಿರಿಯರು ಬೇಡವೆಂದರು, ನಾನು ಬಿಡಲಿಲ್ಲ.

ಅವನು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯ ಮೂರು ಅಂಗಡಿಗಳಿಂದ ಸಾಮಾನು ತಂದ. ಶಾಲೆಯ ಮೇಜಿನ ಮೇಲೆ ಹರಡಿ ಜೋಡಿಸಿದ. ಮಕ್ಕಳು ಸುತ್ತ ನಿಂತು ನೋಡಿದರು, ನಾನೂ ನೋಡಿದೆ. ಎಲ್ಲಾ ಆಯಿತು, ಮುಚ್ಚಳ ಮಾತ್ರ ಮುಚ್ಚಲಿಲ್ಲ! ಆ ತೆಳ್ಳಗಿನ ಪೆಟ್ಟಿಗೆಯಲ್ಲಿ ಪ್ರೊಸೆಸರ್ ಮೇಲಿನ ಫ್ಯಾನಿಗೆ ಇದ್ದ ಎತ್ತರ 46 ಮಿಲಿಮೀಟರ್. ಪ್ರೊಸೆಸರ್ ಜೊತೆಗೆ ಬಂದ ಫ್ಯಾನ್ 54 ಮಿಲಿಮೀಟರ್. ಎಂಟು ಮಿಲಿಮೀಟರ್ ಎಂದರೆ ನಮ್ಮ ಸೀಸದಕಡ್ಡಿಯ ದಪ್ಪ. ಅಷ್ಟಕ್ಕೆ ಮತ್ತೆ ಮೂರೂವರೆ ಸಾವಿರ ಕೊಟ್ಟು ಗಿಡ್ಡ ಫ್ಯಾನ್ ತರಿಸಿದೆವು, ಹನ್ನೆರಡು ದಿನ ಕಾದೆವು. ಅಳತೆ ನೋಡದೆ ಬಟ್ಟೆ ಕತ್ತರಿಸಿದಂತಾಯಿತು. ನನ್ನ ತಂದೆ ದರ್ಜಿ. ಅವರಿಗೆ ಈ ಕಥೆ ಹೇಳಿದಾಗ ಅವರು ಏನೂ ಅನ್ನಲಿಲ್ಲ, ಸುಮ್ಮನೆ ಕೊರಳಲ್ಲಿದ್ದ ಟೇಪನ್ನು ಮುಟ್ಟಿ ನೋಡಿಕೊಂಡರು.

ಅನಂತರ ಎರಡು ವರ್ಷ ಆ ಯಂತ್ರ ಚೆನ್ನಾಗಿಯೇ ಓಡಿತು, ಅದನ್ನೂ ಹೇಳಬೇಕು. 2023ರ ಮುಂಗಾರಿನ ಮೊದಲ ಗುಡುಗು ಮಳೆಯ ಮರುದಿನ ಅದು ಏಳಲಿಲ್ಲ. ಮದರ್‌ಬೋರ್ಡ್ ಹೋಗಿದೆ ಎಂದು ಅಂಗಡಿಯವರು ಹೇಳಿದರು. ಬೋರ್ಡಿಗೆ ಮೂರು ವರ್ಷದ ಗ್ಯಾರಂಟಿ ಇತ್ತು, ಆದರೆ ನಮ್ಮ ಹತ್ತಿರ ಇದ್ದದ್ದು ಸರಿಯಾದ ಬಿಲ್ ಅಲ್ಲ, ಒಂದು ಚೀಟಿ. ಜೋಡಿಸಿದ ಹುಡುಗ ಆ ಹೊತ್ತಿಗೆ ದಮ್ಮಾಮಿಗೆ ಕೆಲಸಕ್ಕೆ ಹೋಗಿದ್ದ. ಅವನ ತಪ್ಪಿಲ್ಲ; ಹೊಟ್ಟೆಪಾಡು ಕರೆದಲ್ಲಿಗೆ ಹೋಗಲೇಬೇಕು. ಬೇರೆ ಬೋರ್ಡ್ ಹಾಕಿಸೋಣ ಎಂದರೆ ನಮ್ಮ ಊರಿನಲ್ಲಿ ಸಿಗುವುದೆಲ್ಲ ದೊಡ್ಡ ಅಳತೆಯ ಬೋರ್ಡುಗಳು, ನಮ್ಮ ಪೆಟ್ಟಿಗೆಯೊಳಗೆ ಹಿಡಿಸುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಕೇಳಬೇಕು, ಏಕೆಂದರೆ ಇಡೀ ವಿಷಯದ ಗಂಟು ಇಲ್ಲೇ ಇದೆ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ತಂದಿತು. ಬೋರ್ಡಿನ ಉದ್ದ ಅಗಲ ಇಷ್ಟು, ಸ್ಕ್ರೂ ತೂತುಗಳು ಇಂತಲ್ಲಿ ಎಂದು ಗೊತ್ತುಮಾಡಿದ್ದರಿಂದ ಯಾವ ಕಂಪನಿಯ ಬೋರ್ಡ್ ಆದರೂ ಯಾವ ಕಂಪನಿಯ ಪೆಟ್ಟಿಗೆಗಾದರೂ ಕೂರುವಂತಾಯಿತು. ಆ ಬೋರ್ಡ್ 30.5 ಸೆಂಟಿಮೀಟರ್ ಉದ್ದ, 24.4 ಸೆಂಟಿಮೀಟರ್ ಅಗಲ. ಆಮೇಲೆ ಮೈಕ್ರೋ ಎಟಿಎಕ್ಸ್ ಬಂತು, 24.4 ಸೆಂಟಿಮೀಟರಿನ ಚೌಕ. 2001ರಲ್ಲಿ ವಿಯಾ ಎಂಬ ಕಂಪನಿ ಮಿನಿ ಐಟಿಎಕ್ಸ್ ತಂದಿತು, 17 ಸೆಂಟಿಮೀಟರಿನ ಚೌಕ. ನಾವು ಜೋಡಿಸಿದ್ದು ಇದನ್ನು. ಇದಕ್ಕಿಂತ ಚಿಕ್ಕವೂ ಇವೆ, ಆದರೆ ಅವುಗಳಲ್ಲಿ ಹೆಚ್ಚಿನವು ಒಂದೊಂದು ಕಂಪನಿಯ ಸ್ವಂತ ಅಳತೆ.

ಜೋಡಿಸುವುದರ ಲಾಭವೆಲ್ಲ ನಿಂತಿರುವುದು ಒಂದೇ ಮಾತಿನ ಮೇಲೆ: ಒಂದು ಭಾಗ ಹೋದರೆ ಯಾವ ಅಂಗಡಿಯಿಂದಲಾದರೂ ಇನ್ನೊಂದು ತಂದು ಹಾಕಬಹುದು. ದೊಡ್ಡ ಪೆಟ್ಟಿಗೆಯಲ್ಲಿ ಈ ಮಾತು ಪೂರ್ತಿ ನಿಜ. ಪೆಟ್ಟಿಗೆ ಚಿಕ್ಕದಾದಂತೆಲ್ಲಾ ಇದು ಕರಗುತ್ತಾ ಹೋಗುತ್ತದೆ. ಮಿನಿ ಐಟಿಎಕ್ಸ್ ಬೋರ್ಡಿನಲ್ಲಿ ಹೆಚ್ಚುವರಿ ಕಾರ್ಡಿಗೆ ಒಂದೇ ಕಿಂಡಿ, ಮೆಮೊರಿಗೆ ಎರಡೇ ಕಿಂಡಿ. ಆದರೂ ಅದಕ್ಕೆ ಮೈಕ್ರೋ ಎಟಿಎಕ್ಸ್‌ಗಿಂತ ಹೆಚ್ಚು ಬೆಲೆ. ಪವರ್ ಸಪ್ಲೈ ಕೂಡ ಚಿಕ್ಕ ಅಳತೆಯದು ಬೇಕು, ಅದಕ್ಕೂ ಹೆಚ್ಚು ಬೆಲೆ. ಫ್ಯಾನ್ ಗಿಡ್ಡದು ಬೇಕು. ಹೀಗೆ ಪ್ರತಿಯೊಂದಕ್ಕೂ ‘ಚಿಕ್ಕದು’ ಎಂಬುದಕ್ಕೇ ಬೇರೆ ಸುಂಕ ತೆರುತ್ತೇವೆ. ಕೊನೆಗೆ ದೊಡ್ಡದರಲ್ಲಿ ಸಿಗುತ್ತಿದ್ದ ಸ್ವಾತಂತ್ರ್ಯವೂ ಸಿಗುವುದಿಲ್ಲ. 2021ರಲ್ಲಿ ನನಗೆ ತಿಳಿಯದೆ ಹೋದದ್ದು ಇದೇ. ಜೋಡಿಸುವುದು ಅಗ್ಗ ಎಂದು ಕೇಳಿದ್ದೆ, ಅದು ದೊಡ್ಡ ಪೆಟ್ಟಿಗೆಗೆ ಹೇಳಿದ ಮಾತು ಎಂದು ಗೊತ್ತಿರಲಿಲ್ಲ.

ಹಾಗಾದರೆ ಕೊಳ್ಳುವುದು. ಕೊಳ್ಳುವುದರಲ್ಲಿಯೂ ಮೂರು ದಾರಿಗಳಿವೆ. ಹೆಸರಾಂತ ಕಂಪನಿಯ ಹೊಸ ಯಂತ್ರ ಕೊಂಡರೆ ಮೂರು ವರ್ಷದ ಗ್ಯಾರಂಟಿ ಸಿಗುವುದುಂಟು, ರಿಪೇರಿಯವರು ನಮ್ಮ ಬಾಗಿಲಿಗೇ ಬರುವುದೂ ಉಂಟು. ಆದರೆ ನಮ್ಮ ಹಣಕ್ಕೆ ಒಂದೇ ಬರುತ್ತದೆ. ಆಪಲ್ ಕಂಪನಿ 2005ರಿಂದ ಮಾರುತ್ತಿರುವ ಮ್ಯಾಕ್ ಮಿನಿ ಇದೆ. 2024ರಲ್ಲಿ ಬಂದದ್ದು ಬರೀ ಐದಿಂಚು ಚೌಕ, ನೋಡಿದರೆ ಆಸೆಯಾಗುತ್ತದೆ. ಆದರೆ ಅದರ ಮೆಮೊರಿಯನ್ನು ಕೊಂಡ ಮೇಲೆ ಹೆಚ್ಚಿಸಲಾಗದು. ಅಲ್ಲದೆ ನಮ್ಮ ಇನ್‌ಪೇಜ್ ಮತ್ತು ನುಡಿ ಎರಡೂ ವಿಂಡೋಸ್‌ಗಾಗಿ ಮಾಡಿದವು. ಅದನ್ನು ಅಲ್ಲಿಗೇ ಬಿಡೋಣ.

ಎರಡನೆಯದು ಅಂತರ್ಜಾಲದ ಅಂಗಡಿಗಳಲ್ಲಿ ಕಾಣುವ ಹೊಸ ಪುಟ್ಟ ಡಬ್ಬಗಳು. ಇವುಗಳಲ್ಲಿ ಅನೇಕಕ್ಕೆ ಇಂಟೆಲ್ 2023ರಲ್ಲಿ ತಂದ ಎನ್100 ಎಂಬ ಪ್ರೊಸೆಸರ್ ಇರುತ್ತದೆ. ಅದು ಆರು ವ್ಯಾಟ್ ಲೆಕ್ಕದ್ದು, ನಾಲ್ಕು ಕೋರಿನದು. ಅರ್ಜಿ ತುಂಬಲು, ಪಾಠ ನೋಡಲು, ಟೈಪ್ ಮಾಡಲು ಧಾರಾಳವಾಗಿ ಸಾಕು. ನನ್ನ ಅಂಜಿಕೆ ಪ್ರೊಸೆಸರ್ ಬಗ್ಗೆ ಅಲ್ಲ. ಅದು ಬೋರ್ಡಿಗೆ ಬೆಸೆದುಕೊಂಡೇ ಬರುತ್ತದೆ. ಡಬ್ಬದ ಮೇಲಿರುವ ಹೆಸರಿನ ಕಂಪನಿ ಮುಂದಿನ ವರ್ಷ ಇರುತ್ತದೆಯೋ ಇಲ್ಲವೋ ಹೇಳುವವರಿಲ್ಲ. ದೊಡ್ಡವರೇ ಕೈಬಿಡುವುದುಂಟು: ಇಂತಹ ಪುಟ್ಟ ಪೆಟ್ಟಿಗೆಗಳನ್ನು ನಕ್ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿದ ಇಂಟೆಲ್ ಕಂಪನಿಯೇ 2023ರಲ್ಲಿ ಆ ಕೆಲಸ ನಿಲ್ಲಿಸಿ ಏಸುಸ್ ಕಂಪನಿಗೆ ವಹಿಸಿತು.

ಮೂರನೆಯ ದಾರಿಯೇ ನಾನು ಈಗ ನಿಮ್ಮ ಮುಂದೆ ಇಡುತ್ತಿರುವುದು. ದೊಡ್ಡ ಕಚೇರಿಗಳು ನೂರಾರು ಸಂಖ್ಯೆಯಲ್ಲಿ ಪುಟ್ಟ ಡೆಸ್ಕ್‌ಟಾಪ್‌ಗಳನ್ನು ಕೊಂಡು ಕೆಲವು ವರ್ಷ ಬಳಸಿ ಒಟ್ಟಿಗೆ ಮಾರಿಬಿಡುತ್ತವೆ. ಲೆನೊವೊ ಕಂಪನಿಯದಕ್ಕೆ ಟೈನಿ ಎಂದೂ, ಎಚ್‌ಪಿಯದಕ್ಕೆ ಮಿನಿ ಎಂದೂ, ಡೆಲ್‌ನದಕ್ಕೆ ಮೈಕ್ರೋ ಎಂದೂ ಹೆಸರು. ಮೂರೂ ಹೆಚ್ಚುಕಡಿಮೆ ಒಂದೇ ಅಳತೆ, ಸುಮಾರು 18 ಸೆಂಟಿಮೀಟರ್ ಚೌಕ, ಮೂರೂವರೆ ಸೆಂಟಿಮೀಟರ್ ದಪ್ಪ. ಒಂದು ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಸ್ವಲ್ಪವೇ ಹೆಚ್ಚು ಗಾತ್ರ. ನಮ್ಮ ಹಾಜರಿ ಪುಸ್ತಕಕ್ಕಿಂತ ಚಿಕ್ಕದು. ಇವುಗಳನ್ನು ಶುಚಿ ಮಾಡಿ ಪರೀಕ್ಷಿಸಿ ಮಾರುವ ವ್ಯಾಪಾರಿಗಳು ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದಾರೆ. ಇವುಗಳ ಒಳಗಿನ ವ್ಯವಸ್ಥೆ ನನಗೆ ಬಹಳ ಮೆಚ್ಚಿಗೆಯಾಯಿತು. ಒಂದೆರಡು ಸ್ಕ್ರೂ ಬಿಚ್ಚಿದರೆ ಮುಚ್ಚಳ ಜಾರುತ್ತದೆ. ಮೆಮೊರಿ ಲ್ಯಾಪ್‌ಟಾಪಿನ ಚಿಕ್ಕ ಪಟ್ಟಿ, ತೆಗೆದು ಬದಲಾಯಿಸಬಹುದು. ಎಸ್‌ಎಸ್‌ಡಿ ಬದಲಾಯಿಸಬಹುದು. ಬಹಳಷ್ಟು ಮಾದರಿಗಳಲ್ಲಿ ಪ್ರೊಸೆಸರ್ ಕೂಡ ಬೆಸೆದದ್ದಲ್ಲ, ಕಳಚಬಹುದು. ಬೋರ್ಡ್ ಮಾತ್ರ ಕಂಪನಿಯ ಸ್ವಂತ ಅಳತೆ. ಆದರೆ ಒಂದೇ ಮಾದರಿಯವು ಅಷ್ಟೊಂದು ಸಂಖ್ಯೆಯಲ್ಲಿ ತಯಾರಾಗಿರುವುದರಿಂದ ಹಳೆಯ ಬೋರ್ಡ್, ಹಳೆಯ ಅಡಾಪ್ಟರ್ ಹುಡುಕಿದರೆ ಸಿಗುತ್ತದೆ. ನಾವು ಜೋಡಿಸಿದ ಯಂತ್ರ ಈ ಊರಿನಲ್ಲಿ ಒಂದೇ ಒಂದು ಇತ್ತು. ಇವು ಎಷ್ಟೋ ಇವೆ.

‘ಟೀಚರ್, ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ತಂದರೆ ಹೇಗೆ?’ ಎಂದು ಒಬ್ಬ ಸದಸ್ಯರು ನನ್ನನ್ನು ಕೇಳಿದರು. ಸರಿಯಾದ ಪ್ರಶ್ನೆ. ಮುಗ್ಗಿದ ಜೋಳ ಯಾವುದೆಂದು ಗುರುತಿಸುವ ಬಗೆಯನ್ನು ಹೇಳುತ್ತೇನೆ, ನೀವು ಮನೆಗೆ ಕೊಳ್ಳುವಾಗಲೂ ಉಪಯೋಗಕ್ಕೆ ಬರಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಬೇಕಾದರೆ ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಈಚಿನದು ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಆದ್ದರಿಂದ ಆರನೆಯ, ಏಳನೆಯ ತಲೆಮಾರಿನ ಯಂತ್ರಗಳು ಅಗ್ಗವಾಗಿ ಕೈಗೆ ಬರುತ್ತವೆ. ನೋಡಲು ಒಂದೇ ತರಹ ಇರುತ್ತವೆ, ಪೆಟ್ಟಿಗೆಯೂ ಅದೇ. ಪ್ರೊಸೆಸರ್ ಹೆಸರಿನಲ್ಲಿ ಗೆರೆಯ ನಂತರ ಬರುವ ಅಂಕಿ ನೋಡಿ. ಐ5-8500ಟಿ ಎಂದಿದ್ದರೆ ಎಂಟನೆಯದು, ಐ5-7500ಟಿ ಎಂದಿದ್ದರೆ ಏಳನೆಯದು. ಏಳನೆಯದನ್ನು ಕೊಂಡು ಆಮೇಲೆ ಎಂಟನೆಯ ಪ್ರೊಸೆಸರ್ ಹಾಕೋಣವೆಂದರೆ ಆಗದು, ಆ ಬೋರ್ಡ್ ಒಪ್ಪುವುದಿಲ್ಲ. ಕೊನೆಯ ಟಿ ಅಕ್ಷರ ಕಂಡು ಹೆದರಬೇಡಿ, 35 ವ್ಯಾಟಿನ ತಣ್ಣಗಿನ ಪ್ರೊಸೆಸರ್ ಎಂದು ಅದರ ಅರ್ಥ. ಏಳನೆಯ ತಲೆಮಾರಿನದಕ್ಕೆ ಲಿನಕ್ಸ್ ಹಾಕಿದರೆ ಅರ್ಜಿ ತುಂಬುವ ಕೆಲಸಕ್ಕೆ ಇನ್ನೂ ಬರುತ್ತದೆ ಎಂಬುದು ನಿಜ. ಮನೆಯಲ್ಲಿ ಒಬ್ಬ ಹುಡುಗನ ಅಭ್ಯಾಸಕ್ಕಾದರೆ ನಾನು ಬೇಡವೆನ್ನುವುದಿಲ್ಲ. ಸಂಘದ ಹಣಕ್ಕೆ ಬೇಡ.

ಅಡಾಪ್ಟರ್ ಆ ಕಂಪನಿಯದೇ ಇರಬೇಕು. ಕೆಲವು ಯಂತ್ರಗಳು ಬೇರೆ ಅಡಾಪ್ಟರ್ ಹಾಕಿದರೆ ಗುರುತಿಸಿ ಮುನಿಸಿಕೊಂಡು ನಿಧಾನವಾಗಿಬಿಡುತ್ತವೆ. ಬಯೋಸ್‌ಗೆ ಹಳೆಯ ಕಚೇರಿಯ ಪಾಸ್‌ವರ್ಡ್ ಉಳಿದಿದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಬೇಕು. ಕಚೇರಿಗಳಲ್ಲಿ ತಂತಿಯ ಸಂಪರ್ಕವಿರುವುದರಿಂದ ಎಷ್ಟೋ ಯಂತ್ರಗಳಲ್ಲಿ ವೈಫೈ ಕಾರ್ಡೇ ಇರುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಹಿಂದುಗಡೆ ಎಚ್‌ಡಿಎಂಐ ಬದಲು ಬರೀ ಡಿಸ್‌ಪ್ಲೇಪೋರ್ಟ್ ಇದ್ದರೆ ನಮ್ಮ ಹಳೆಯ ಮಾನಿಟರಿಗೆ ನಡುವೆ ಒಂದು ಪರಿವರ್ತಕ ಬೇಕಾಗುತ್ತದೆ. ಎಸ್‌ಎಸ್‌ಡಿ ಎಷ್ಟು ಸವೆದಿದೆ ಎಂದು ತೋರಿಸುವ ಉಚಿತ ತಂತ್ರಾಂಶಗಳಿವೆ, ಐದು ನಿಮಿಷದ ಕೆಲಸ. ಇಷ್ಟೆಲ್ಲಾ ನೋಡಿದ ಮೇಲೆ ಜಿ.ಎಸ್.ಟಿ. ಬಿಲ್ಲು, ಅದೂ ಸಂಘದ ಹೆಸರಿನಲ್ಲಿ. ಚೀಟಿ ಅಲ್ಲ! ಈ ಪಾಠಕ್ಕೆ ನಾವು ಈಗಾಗಲೇ ಶುಲ್ಕ ಕಟ್ಟಿದ್ದೇವೆ.

ಇನ್ನೊಂದು ಸಣ್ಣ ಸಂಗತಿ. ಬೋರ್ಡಿನ ಮೇಲೆ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ, ಗಡಿಯಾರ ನಡೆಸಲು. ನಮ್ಮ ನೆರೆಮನೆಯ ಹುಡುಗಿ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಅಣ್ಣ ತಂದಿದ್ದ ಹಳೆಯ ಕಂಪ್ಯೂಟರಿನ ಮುಂದೆ ಬೆಳಗಿನಿಂದ ಕುಳಿತಿದ್ದಳು. ಯಾವ ಸರ್ಕಾರಿ ಜಾಲತಾಣವೂ ತೆರೆಯಲಿಲ್ಲ, ‘ಸುರಕ್ಷಿತವಲ್ಲ’ ಎಂದು ಹೇಳುತ್ತಿತ್ತು. ಅಳುತ್ತಾ ನನ್ನ ಬಳಿ ಬಂದಳು, ಏಕೆಂದರೆ ಅದು ಕೊನೆಯ ದಿನ. ಹೋಗಿ ನೋಡಿದರೆ ಕಂಪ್ಯೂಟರಿನಲ್ಲಿ 2018ನೇ ಇಸವಿ! ಬ್ಯಾಟರಿ ಸತ್ತು ತಾರೀಖು ಹಿಂದೆ ಹೋಗಿತ್ತು. ತಾರೀಖು ತಪ್ಪಿದರೆ ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ಯಂತ್ರ ನಂಬುವುದಿಲ್ಲ. ತಾರೀಖು ಸರಿಪಡಿಸಿ ಅರ್ಜಿ ಕಳುಹಿಸಿದೆವು. ಹಳೆಯ ಯಂತ್ರ ತಂದ ದಿನವೇ ಆ ಬ್ಯಾಟರಿ ಬದಲಾಯಿಸಿಬಿಡಿ, ಹತ್ತಾರು ರೂಪಾಯಿಯ ವಸ್ತು.

ಈ ಹುಡುಗಿಯಂತಹವರಿಗಾಗಿಯೇ ನಾವು ಇಷ್ಟೆಲ್ಲ ಮಾತನಾಡುತ್ತಿರುವುದು. ಮೊಬೈಲ್ ಎಲ್ಲರ ಮನೆಯಲ್ಲಿದೆ. ಆದರೆ ಸಿಇಟಿ ಅರ್ಜಿಯನ್ನೋ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನ ಅರ್ಜಿಯನ್ನೋ ಮೊಬೈಲಿನಲ್ಲಿ ತುಂಬಿ, ಭಾವಚಿತ್ರವನ್ನು ಅವರು ಹೇಳಿದ ಅಳತೆಗೆ ಕುಗ್ಗಿಸಿ ಸೇರಿಸಿ ನೋಡಿದವರಿಗೆ ಆ ಕಷ್ಟ ಗೊತ್ತು. ಕೊನೆಗೆ ಸೈಬರ್ ಅಂಗಡಿಯಲ್ಲಿ ಸಾಲು ನಿಲ್ಲಬೇಕು. ಅಲ್ಲಿ ಕತ್ತಲಾಗುವವರೆಗೆ ನಿಲ್ಲಲು ಎಷ್ಟೋ ಹೆಣ್ಣುಮಕ್ಕಳನ್ನು ಮನೆಯವರು ಕಳುಹಿಸುವುದಿಲ್ಲ. ವಾಚನಾಲಯಕ್ಕಾದರೆ ಕಳುಹಿಸುತ್ತಾರೆ. 2023ರಿಂದ ಈಚೆಗೆ ಆ ಹಲಗೆಯ ಮೇಲೆ ಯಂತ್ರ ಇಲ್ಲ. ನನ್ನ ಹಟದಿಂದ ಹೋದದ್ದು 40 ಸಾವಿರ ಮಾತ್ರ ಅಲ್ಲ ಎಂದು ನನಗೆ ಗೊತ್ತಿದೆ.

ನಮ್ಮ ಎರಡು ಭಾಷೆಗಳ ಟೈಪಿಂಗ್‌ಗೆ ಶಕ್ತಿಶಾಲಿ ಯಂತ್ರ ಬೇಕೆಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. 1994ರಲ್ಲಿ ಬಂದ ಇನ್‌ಪೇಜ್ ಆ ಕಾಲದ ಕಂಪ್ಯೂಟರುಗಳಲ್ಲೇ ನಸ್ತಾಲೀಖ್ ಬರೆಯುತ್ತಿತ್ತು. ಇಂದು ಯುನಿಕೋಡ್‌ನಲ್ಲಿಯೇ ನಸ್ತಾಲೀಖ್ ಫಾಂಟುಗಳಿವೆ, ಗೂಗಲ್‌ನವರ ನೋಟೋ ಫಾಂಟ್ ಉಚಿತ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ಉಚಿತ. ಎಂಟು ಜಿಬಿ ಮೆಮೊರಿ, ಒಂದು ಎಸ್‌ಎಸ್‌ಡಿ ಇದ್ದರೆ ಎರಡೂ ಲಿಪಿ ಒಂದೇ ಪುಟದಲ್ಲಿ ಸರಾಗವಾಗಿ ಬರುತ್ತವೆ.

ಈಗ ಹಣದ ಮಾತು. ಎಂಟನೆಯ ತಲೆಮಾರಿನ, ಎಂಟು ಜಿಬಿ ಮೆಮೊರಿಯ, ಒಂದು ವರ್ಷದ ಗ್ಯಾರಂಟಿಯ ಒಂದು ಯಂತ್ರಕ್ಕೆ ನನಗೆ ಸಿಕ್ಕ ದರ 16 ಸಾವಿರ. ಮಿನಿ ಐಟಿಎಕ್ಸ್ ಹೊಸದಾಗಿ ಜೋಡಿಸಲು ಸಿಕ್ಕ ದರ 43 ಸಾವಿರ, ಮಾನಿಟರ್ ಬಿಟ್ಟು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿದ್ದು ಇದಕ್ಕೆ ಒಂದು ಕಾರಣ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಚಿಪ್ಪುಗಳನ್ನು ಬಾಚಿಕೊಳ್ಳುತ್ತಿದ್ದವು. ಹಳೆಯ ಯಂತ್ರದಲ್ಲಿ ಮೆಮೊರಿ ಮೊದಲೇ ಇರುವುದು ನಮಗೆ ಅನುಕೂಲವೇ ಆಯಿತು. ಎರಡು ಯಂತ್ರ 32 ಸಾವಿರ, ಒಂದು ಮಾನಿಟರ್ ಆರೂವರೆ ಸಾವಿರ, ಇನ್ನೊಂದು ನಮ್ಮಲ್ಲೇ ಇದೆ. ಕೀಲಿಮಣೆ, ಮೌಸ್ 1,600. ಒಂದು ಯುಪಿಎಸ್ 3,100. ಒಟ್ಟು 43,200. ಉಳಿಯುವ 16,800 ರೂಪಾಯಿಯನ್ನು ಮೂರನೆಯ ಯಂತ್ರಕ್ಕೆ ಹಾಕೋಣವೆಂದು ಕೆಲವರ ಸಲಹೆ. ನನ್ನ ಅಭಿಪ್ರಾಯ ಬೇರೆ, ಅದು ರಿಪೇರಿಗೆಂದು ಒಂದು ವರ್ಷ ಹಾಗೆಯೇ ಇರಲಿ. ಹಿಂದಿನ ಸಲ ನಾವು ಕೊನೆಯ ರೂಪಾಯಿಯವರೆಗೆ ಖರ್ಚು ಮಾಡಿದ್ದೆವು.

ವಿದ್ಯುತ್ತಿನ ಲೆಕ್ಕವನ್ನು ಮಕ್ಕಳೇ ಮಾಡಿ ನೋಡಿ. ಇಂತಹ ಯಂತ್ರ ಹಗುರ ಕೆಲಸದಲ್ಲಿ 15 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಳ್ಳಿ, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 30 ದಿನ. 3.6 ಯೂನಿಟ್. ಹಳೆಯ ಟವರ್ 60 ವ್ಯಾಟ್ ಎಳೆದರೆ 14.4 ಯೂನಿಟ್. ಉಳಿತಾಯ ದೊಡ್ಡದಲ್ಲ. ಆದರೆ ಕರೆಂಟ್ ಹೋದಾಗ ಅದೇ ಯುಪಿಎಸ್ ಮೇಲೆ ಎರಡು ಪುಟ್ಟ ಯಂತ್ರಗಳು ನಿಲ್ಲುತ್ತವೆ, ಅರ್ಧ ತುಂಬಿದ ಅರ್ಜಿ ಉಳಿಯುತ್ತದೆ. ದೂಳಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಮ್ಮ ವಾಚನಾಲಯ ರಸ್ತೆಗೆ ತಾಗಿಕೊಂಡಿದೆ. ಪುಟ್ಟ ಪೆಟ್ಟಿಗೆಯ ಪುಟ್ಟ ಫ್ಯಾನ್ ಬೇಗ ಕಟ್ಟಿಕೊಳ್ಳುತ್ತದೆ, ಆಗ ಬಿಸಿಯಾಗಿ ನಿಧಾನವಾಗುತ್ತದೆ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಬ್ರಷ್ಷಿನಿಂದ ಒರೆಸುವ ಕೆಲಸಕ್ಕೆ ಹತ್ತನೇ ತರಗತಿಯ ಇಬ್ಬರು ಹೆಸರು ಕೊಟ್ಟಿದ್ದಾರೆ.

ಹಾಗೆಂದು ಜೋಡಿಸುವುದು ಕೆಟ್ಟದ್ದು ಎಂದು ಯಾವ ವಿದ್ಯಾರ್ಥಿಯೂ ಮನೆಗೆ ಹೋಗಿ ಹೇಳಬಾರದು. ನಿಮಗೆ ಗ್ರಾಫಿಕ್ಸ್ ಕಾರ್ಡ್ ಬೇಕಿದ್ದರೆ, ವಿಡಿಯೋ ಸಂಕಲನದಂತಹ ಭಾರದ ಕೆಲಸವಿದ್ದರೆ, ಅಥವಾ ಈ ವಿದ್ಯೆಯನ್ನು ಕಲಿಯುವ ಆಸೆಯಿದ್ದರೆ ಜೋಡಿಸಿ. ಆಗ ಚಿಕ್ಕದರ ಮೋಹ ಬಿಡಿ, ಮೈಕ್ರೋ ಎಟಿಎಕ್ಸ್ ತೆಗೆದುಕೊಳ್ಳಿ. ಎಎಂಡಿ ಕಂಪನಿಯ ಎಎಂ4 ಎಂಬ ಕೂರುಗಟ್ಟಿಗೆ 2017ರ ರೈಜನ್ ಕೂಡ ಕೂರುತ್ತದೆ, ಐದು ವರ್ಷದ ನಂತರ ಬಂದ ರೈಜನ್ ಕೂಡ ಕೂರುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಇಂತಹ ಲಾಭ ನಿಜವಾಗಿ ಕೈಗೆ ಸಿಗುತ್ತದೆ. ಸಾಮಾನು ತರುವ ಮೊದಲು ಫ್ಯಾನಿನ ಎತ್ತರ, ಪವರ್ ಸಪ್ಲೈಯ ಉದ್ದ, ಕಾರ್ಡಿನ ಉದ್ದ ಈ ಮೂರನ್ನೂ ಕಾಗದದ ಮೇಲೆ ಬರೆದು ಪೆಟ್ಟಿಗೆಯ ಅಳತೆಯೊಂದಿಗೆ ಹೋಲಿಸಿ. ಬಿಲ್ಲುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯ ಒಳಗೇ ಅಂಟಿಸಿಡಿ.

ಬೀರುವಿನ ಮೇಲಿರುವ ಯಂತ್ರದಲ್ಲಿ ಮೆಮೊರಿ, ಎಸ್‌ಎಸ್‌ಡಿ, ಪ್ರೊಸೆಸರ್ ಇನ್ನೂ ಚೆನ್ನಾಗಿವೆ ಎಂದು ಅಂಗಡಿಯವರು ಹೇಳಿದ್ದಾರೆ. ಅವೆಲ್ಲ ಮೈಕ್ರೋ ಎಟಿಎಕ್ಸ್ ಬೋರ್ಡಿನ ಮೇಲೂ ಕೂರುತ್ತವೆ. ನಮ್ಮ ಸದಸ್ಯರೊಬ್ಬರು ತಮ್ಮ ಅಂಗಡಿಯ ಹಳೆಯ ಟವರ್ ಪೆಟ್ಟಿಗೆಯನ್ನು, ಅದರ ಪವರ್ ಸಪ್ಲೈ ಸಮೇತ, ಕೊಡಲು ಒಪ್ಪಿದ್ದಾರೆ. ಬೋರ್ಡ್ ಒಂದನ್ನು ನಾನು ನನ್ನ ಸಂಬಳದಿಂದ ಕೊಳ್ಳುತ್ತೇನೆ, ಇದು ಸಂಘದ ಲೆಕ್ಕಕ್ಕೆ ಬರುವುದಿಲ್ಲ. ರಜೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಶಾಲೆಯ ಕೊಠಡಿಯಲ್ಲಿ ಅದನ್ನು ಮಕ್ಕಳ ಕೈಯಿಂದಲೇ ಜೋಡಿಸೋಣ, ಬಿಚ್ಚೋಣ, ಮತ್ತೆ ಜೋಡಿಸೋಣ. ದಮ್ಮಾಮಿನ ಆ ಹುಡುಗ ಫೋನಿನಲ್ಲಿ ಹೇಳಿಕೊಡುತ್ತೇನೆಂದು ಒಪ್ಪಿಕೊಂಡಿದ್ದಾನೆ. ಬರುವವರು ಸ್ಕ್ರೂಡ್ರೈವರ್ ತರಬೇಕಿಲ್ಲ, ಒಂದು ಅಳತೆಪಟ್ಟಿ ತನ್ನಿ.

ಮೂರು ವ್ಯಾಪಾರಿಗಳ ದರಪಟ್ಟಿಗಳು ಕಾರ್ಯದರ್ಶಿಗಳ ಬಳಿ ಇವೆ. 2021ರ ಖರ್ಚಿನ ವಿವರವನ್ನೂ, ಆ ಚೀಟಿಯ ಪ್ರತಿಯನ್ನೂ ಅದರ ಜೊತೆಗೇ ಇಟ್ಟಿದ್ದೇನೆ. ಊಟದ ನಂತರ ನೋಡಿ, ಒಪ್ಪಿಗೆಯಾಗದಿದ್ದರೆ ಇಲ್ಲೇ ಎದ್ದು ಹೇಳಿ. ಅಂದು ಬೇಡವೆಂದ ಇಬ್ಬರು ಹಿರಿಯರು ಮೊದಲು ಮಾತನಾಡಬೇಕೆಂದು ನನ್ನ ವಿನಂತಿ.